ಮಧ್ಯಾಹ್ನ ಎರಡು ಗಂಟೆಯ ಬಿ.ಪಿ.

ಕಳೆದ ವರ್ಷ ಜೂನ್ ತಿಂಗಳಲ್ಲಿ, ಶ್ರೀನಿವಾಸಪುರದ ಕಡೆಯಿಂದ ಮಾವಿನಕಾಯಿ ತುಂಬಿದ ಲಾರಿಗಳು ಹಗಲು ರಾತ್ರಿಯೆನ್ನದೆ ಓಡಾಡುತ್ತಿದ್ದ ದಿನಗಳಲ್ಲಿ, ನನ್ನ ಎಡಗಾಲು ಮೊಣಕಾಲಿನ ಕೆಳಗೆ ಕೆಂಪಗೆ ಊದಿಕೊಂಡು, ಬೆಳಗಾಗುವಷ್ಟರಲ್ಲಿ ನೆಲಕ್ಕೆ ಊರಲಾಗದಷ್ಟು ನೋಯತೊಡಗಿತು. ನನಗೆ ಸಕ್ಕರೆ ಕಾಯಿಲೆ ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ಹಿಮ್ಮಡಿಯ ಒಡಕನ್ನು ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಆ ಒಡಕಿನ ಮೂಲಕವೇ ಸೋಂಕು ಒಳಹೊಕ್ಕು ಚರ್ಮದ ಅಡಿಯ ಪದರಕ್ಕೆ ಹರಡಿದೆ, ಇದಕ್ಕೆ ಸೆಲ್ಯುಲೈಟಿಸ್ ಎನ್ನುತ್ತಾರೆ, ನಿಮ್ಮ ವಯಸ್ಸಿಗೂ ನಿಮ್ಮ ಸಕ್ಕರೆಗೂ ಬರೀ ಮಾತ್ರೆ ನಂಬಿಕೊಂಡಿರಲಾಗದು, ಅಡ್ಮಿಟ್ ಆಗಿ ನರಕ್ಕೆ ಆ್ಯಂಟಿಬಯೋಟಿಕ್ ಹಾಕಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಹಾಗಾಗಿ ಕೋಲಾರದ ಒಂದು ಖಾಸಗಿ ಆಸ್ಪತ್ರೆಯ ಗಂಡಸರ ಜನರಲ್ ವಾರ್ಡಿನಲ್ಲಿ ಒಂಬತ್ತು ದಿನ ಮಲಗಿದ್ದೆ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ; ಬರೆದರೆ ಓದುವವರು ಆ ಒಂದು ಕಟ್ಟಡವನ್ನು ಬೈದು ಸುಮ್ಮನಾಗುತ್ತಾರೆ.

ನನ್ನ ಕಾಲು ವಾಸಿಯಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಕೆಲಸ ಬಲ್ಲವರು. ಯಾರೂ ನನ್ನನ್ನು ಗದರಲಿಲ್ಲ, ಯಾರೂ ಕೈ ಚಾಚಿ ಕಾಸು ಕೇಳಲಿಲ್ಲ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದ್ದರಿಂದ ಒಳಗಿದ್ದವರು ಕೆಮ್ಮುತ್ತಲೋ ದೇವರನಾಮ ಹೇಳಿಕೊಳ್ಳುತ್ತಲೋ ಇರಬೇಕಾಗಿತ್ತು ಎಂಬುದನ್ನು ಬಿಟ್ಟರೆ ವಾರ್ಡು ಅಚ್ಚುಕಟ್ಟಾಗಿಯೇ ಇತ್ತು. ಹೀಗಿರುವಾಗ ನಿಮ್ಮ ದೂರಾದರೂ ಏನು ಎಂದು ನನ್ನ ಮಗನೇ ಕೇಳಿದ್ದಾನೆ. ಅವನಿಗೆ ಬಾಯಲ್ಲಿ ಸರಿಯಾಗಿ ವಿವರಿಸಲು ಆಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸೇರಿದ ದಿನ ಡ್ಯೂಟಿ ಡಾಕ್ಟರೊಬ್ಬರು ನೀಲಿ ಮಾರ್ಕರ್ ಪೆನ್ನು ತೆಗೆದುಕೊಂಡು ಕಾಲಿನ ಕೆಂಪು ಎಲ್ಲಿ ಮುಗಿಯುತ್ತದೆಯೋ ಆ ಅಂಚಿನುದ್ದಕ್ಕೂ ಒಂದು ಗೆರೆ ಎಳೆದರು. ಕೆಂಪು ಈ ಗೆರೆ ದಾಟಿ ಮೇಲೇರಿದರೆ ಔಷಧಿ ನಾಟುತ್ತಿಲ್ಲ, ಗೆರೆಯಿಂದ ಕೆಳಕ್ಕೆ ಸರಿದರೆ ಗುಣವಾಗುತ್ತಿದೆ ಎಂದು ವಿವರಿಸಿ, ಮಲಗಿದಾಗ ಕಾಲನ್ನು ಎತ್ತರದಲ್ಲಿ ಇಟ್ಟುಕೊಳ್ಳಬೇಕೆಂದೂ ಹೇಳಿದರು. ಕಂದಾಯ ಇಲಾಖೆಯಲ್ಲಿ 1979ರಿಂದ 2016ರವರೆಗೆ ದುಡಿದು, ಹದ್ದುಬಸ್ತಿನ ಜಗಳಗಳನ್ನು ಸಾಕುಬೇಕೆನ್ನುವಷ್ಟು ನೋಡಿದ್ದ ನನಗೆ, ರೋಗಕ್ಕೂ ಹೀಗೊಂದು ಗಡಿ ಗುರುತಿಸುವ ಪದ್ಧತಿ ಬಹಳ ಹಿಡಿಸಿತು. ಕಾಲಿನ ಕೆಳಗಿಡಲು ಎರಡನೆಯ ದಿಂಬು ಕೇಳಿದಾಗ ಒಂದು ಬೆಡ್ಡಿಗೆ ಒಂದೇ ದಿಂಬು ಎಂದು ಆಯಾ ಹೇಳಿದಳು. ಮನೆಯಿಂದ ಎರಡು ಕಂಬಳಿ ತರಿಸಿ ಮಡಿಸಿಟ್ಟುಕೊಂಡೆ.

ಎರಡನೆಯ ರಾತ್ರಿ ಹನ್ನೊಂದರ ಮೇಲೆ ನನಗೆ ಚಳಿ ಹತ್ತಿ, ಮಂಚದ ಕಬ್ಬಿಣದ ಸರಳು ಸದ್ದು ಮಾಡುವಷ್ಟು ನಡುಕ ಬಂತು. ಬೆಳಿಗ್ಗೆ ನೋಡಿಕೊಂಡರೆ ಕೆಂಪು ನೀಲಿ ಗೆರೆಯನ್ನು ಎರಡು ಬೆರಳಿನಷ್ಟು ದಾಟಿತ್ತು. ಇಂಜೆಕ್ಷನ್ ಹಾಕಲು ಬಂದ ಸಿಸ್ಟರ್‌ಗೆ ಹೇಳಿದೆ. "ರೌಂಡ್ಸ್ ಬಂದಾಗ ಹೇಳಿ ತಾತ" ಎಂದರು. ಅಂದಿನ ರೌಂಡ್ಸ್ ಬೆಳಿಗ್ಗೆ ಆಗಲೇ ಇಲ್ಲ, ಸಂಜೆ ಆರಕ್ಕೆ ಆಯಿತು. ಡಾಕ್ಟರು ಮಂಚದ ಕಾಲ್ದೆಸೆಯಲ್ಲಿ ನೇತುಹಾಕಿದ್ದ ಚಾರ್ಟನ್ನು ಎತ್ತಿ ನೋಡಿ, "ಜ್ವರ ಏನೂ ಬಂದಿಲ್ಲ, ಒಳ್ಳೇದು" ಎನ್ನುತ್ತ ಮುಂದಿನ ಹಾಸಿಗೆಗೆ ನಡೆದೇಬಿಟ್ಟಿದ್ದರು. ನಾನು ಕೂಗಿ ಕರೆದು ಹೊದಿಕೆ ಸರಿಸಿ ತೋರಿಸಬೇಕಾಯಿತು. ತೋರಿಸಿದ ಮೇಲೆ ಅವರ ಮುಖ ಬದಲಾಯಿತು, ಅಲ್ಲೇ ನಿಂತು ಔಷಧಿಯನ್ನೂ ಬದಲಾಯಿಸಿದರು. ಅವರನ್ನು ನಾನು ದೂರುವುದಿಲ್ಲ. ಇಪ್ಪತ್ತಾರು ಜನರನ್ನು ನೋಡಬೇಕಾದವರು ಚಾರ್ಟನ್ನು ನಂಬದೆ ಇನ್ನೇನನ್ನು ನಂಬಬೇಕು? ಆದರೆ ಆ ಚಾರ್ಟಿನಲ್ಲಿ ಜ್ವರವಿಲ್ಲ ಎಂದು ಬರೆದದ್ದು ಯಾರು, ಯಾವಾಗ ನೋಡಿ ಬರೆದದ್ದು ಎಂಬ ಪ್ರಶ್ನೆ ನನ್ನಲ್ಲಿ ಮೊದಲು ಎದ್ದದ್ದು ಆಗ. ಏಕೆಂದರೆ ಆ ರಾತ್ರಿಯಿಡೀ ನಾನು ಎಚ್ಚರವಾಗಿದ್ದೆ, ಥರ್ಮಾಮೀಟರ್ ಹಿಡಿದುಕೊಂಡು ಯಾರೂ ನನ್ನ ಬಳಿಗೆ ಬಂದಿರಲಿಲ್ಲ.

ಕೈಗೆ ಚುಚ್ಚಿದ್ದ ಸೂಜಿಯದೂ ಇಂಥದೇ ಕತೆ. ಐದನೆಯ ದಿನಕ್ಕೆ ಆ ಜಾಗ ಕೆಂಪಾಗಿ, ನರ ಹಗ್ಗದಂತೆ ಗಟ್ಟಿಯಾಗಿ ಮೊಣಕೈವರೆಗೆ ಎಳೆಯತೊಡಗಿದಾಗ ನಾನೇ ಹಟ ಹಿಡಿದು ತೆಗೆಸಿದೆ. ಅಲ್ಲಿಯವರೆಗೆ ಔಷಧಿ ಹಾಕಿದವರೆಲ್ಲ ಸೂಜಿಯ ಬಾಯಿಯನ್ನು ಮಾತ್ರ ನೋಡಿ ಹೋಗಿದ್ದರು. ಅದನ್ನು ಹೆಚ್ಚು ಬೆಳೆಸುವುದಿಲ್ಲ, ಅದಕ್ಕಿಂತ ದೊಡ್ಡದು ನಾಲ್ಕನೆಯ ದಿನ ಸಂಜೆ ಆಗಿತ್ತು.

ನನಗೆ ಅಲ್ಲಿ ಊಟಕ್ಕೆ ಮುಂಚೆ ರೆಗ್ಯುಲರ್ ಇನ್ಸುಲಿನ್ ಕೊಡುತ್ತಿದ್ದರು. ಈ ಇನ್ಸುಲಿನ್ನಿನ ವಿಷಯ ಸಕ್ಕರೆ ಕಾಯಿಲೆಯವರಿಗೆಲ್ಲ ಗೊತ್ತು: ಚುಚ್ಚಿದ ಅರ್ಧ ಗಂಟೆಗೆ ಅದು ಕೆಲಸ ಶುರು ಮಾಡುತ್ತದೆ, ಅಷ್ಟರಲ್ಲಿ ತಟ್ಟೆ ಮುಂದೆ ಇರಬೇಕು, ಎರಡು ಗಂಟೆ ಕಳೆದ ಮೇಲಂತೂ ಅದರ ಬಿಗಿ ಇನ್ನೂ ಹೆಚ್ಚು. ಅಂದು ಏಳೂವರೆಗೆ ಚುಚ್ಚಿ ಹೋದರು. ಎಂಟಕ್ಕೆ ಬರಬೇಕಾಗಿದ್ದ ಊಟ ಎಂಟೂವರೆಗೂ ಬರಲಿಲ್ಲ, ಒಂಬತ್ತಕ್ಕೂ ಬರಲಿಲ್ಲ. ಕ್ಯಾಂಟೀನಿನಲ್ಲಿ ಗ್ಯಾಸ್ ಮುಗಿದಿತ್ತು ಎಂದು ಆಮೇಲೆ ತಿಳಿಯಿತು. ಮಂಡಿನೋವಿನ ನನ್ನ ಹೆಂಡತಿ ಕತ್ತಲಾಗುವ ಮುಂಚೆ ಮನೆಗೆ ಹೊರಟಿದ್ದಳು, ಮಗ ಬೆಂಗಳೂರಿನ ಕೆಲಸ ಮುಗಿಸಿ ಬರುವುದು ಹತ್ತರ ಮೇಲೆ. ಒಂಬತ್ತರ ಸುಮಾರಿಗೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಎದೆ ಹೊಡೆದುಕೊಳ್ಳುತ್ತಿತ್ತು. ಎದುರುಗೋಡೆಯ ಮೇಲಿನ ಗಡಿಯಾರದ ಮುಳ್ಳುಗಳು ಕಾಣುತ್ತಿದ್ದರೂ ಗಂಟೆ ಎಷ್ಟೆಂದು ಓದಲಾಗಲಿಲ್ಲ. ಈ ವಿಚಿತ್ರ ಈಗಲೂ ನೆನಪಿದೆ. ಸಿಸ್ಟರ್ ಎಂದು ಕರೆದೆನೆಂದೇ ನನ್ನ ಭಾವನೆ, ಆದರೆ ದನಿ ಹೊರಟಿರಲಿಲ್ಲವಂತೆ.

ಪಕ್ಕದ ಹಾಸಿಗೆಯಲ್ಲಿ ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರೊಬ್ಬರು ಕಾಲು ಮುರಿದುಕೊಂಡು ಮಲಗಿದ್ದರು. ಅವರ ಹೆಂಡತಿ, ಮನೆಯಲ್ಲಿ ತೆಲುಗು ಆಡುವ ಹೆಣ್ಣುಮಗಳು, ನನ್ನ ಮುಖ ನೋಡಿ ಎದ್ದು ಬಂದರು. "ಏನಣ್ಣಾ ಹಿಂಗ್ ಬೆವರ್ತಾ ಇದೀರ, ಶುಗರ್ ಇದೆಯಾ ನಿಮಗೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಕಾಫಿಗೆಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟುಕೊಂಡಿದ್ದ ಸಕ್ಕರೆಯನ್ನು ಲೋಟದ ನೀರಿಗೆ ಸುರಿದು, ಬೆರಳಲ್ಲೇ ಕದಡಿ, "ಬಾಯಿ ತೆಗೀರಿ ಅಣ್ಣಾ" ಎಂದು ಕುಡಿಸಿದರು. ಅವರ ಮಾವನಿಗೂ ಈ ಕಾಯಿಲೆ ಇತ್ತಂತೆ, ಅದರಿಂದ ಗೊತ್ತಾಯಿತಂತೆ. ಸಕ್ಕರೆ 70ಕ್ಕಿಂತ ಇಳಿದಾಗ ಹದಿನೈದು ಗ್ರಾಂ ಸಕ್ಕರೆ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು ಎಂಬುದು ವೈದ್ಯಕೀಯದ ನಿಯಮ. ಆ ತಾಯಿ ನಿಯಮದ ಮೊದಲರ್ಧವನ್ನು ಯಾವ ಪುಸ್ತಕವನ್ನೂ ಓದದೆ ಪಾಲಿಸಿದರು. ಉಳಿದರ್ಧಕ್ಕೆ ಗ್ಲುಕೋಮೀಟರ್ ಬೇಕಾಗಿತ್ತು, ಅದು ಸಿಸ್ಟರ್ ಮೇಜಿನಲ್ಲಿತ್ತು, ಮತ್ತು ಸಿಸ್ಟರ್ ವಾರ್ಡಿನ ಆಚೆ ತುದಿಯಲ್ಲಿ, ಬೈಕಿನಿಂದ ಬಿದ್ದು ಆಗತಾನೆ ಬಂದಿದ್ದ ಹುಡುಗನೊಬ್ಬನ ತಲೆಗೆ ಬಟ್ಟೆ ಒತ್ತಿ ಹಿಡಿದುಕೊಂಡು ನಿಂತಿದ್ದರು.

ಸುಮಾರು ಒಂಬತ್ತೂವರೆಗೆ ಅವರು ಓಡಿ ಬಂದರು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಹುಡುಗಿ, ಚಿಂತಾಮಣಿಯ ಕಡೆಯವಳು. ನನ್ನ ಅಂಗೈ ಮುಟ್ಟಿ ನೋಡಿ, "ಈಗ ಹೆಂಗಿದೆ ತಾತ, ಪರವಾಗಿಲ್ವಾ?" ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಅವಳ ಗ್ಲೌಸಿನ ಮೇಲೆ ಆ ಹುಡುಗನ ರಕ್ತವಿತ್ತು. ಯಂತ್ರ ತರುತ್ತೇನೆಂದು ಹೋದವಳನ್ನು ಯಾರೋ ಮತ್ತೆ ಕೂಗಿದರು, ಅವಳು ಮರಳಿ ಬರಲಿಲ್ಲ. ಒಂಬತ್ತೂಮುಕ್ಕಾಲಿಗೆ ಊಟ ಬಂತು.

ಬಿಡುಗಡೆಯ ದಿನ ನಾನು ಕೇಸ್ ಶೀಟಿನ ಪ್ರತಿ ಬೇಕೆಂದು ಕೇಳಿದೆ. ಡಿಸ್‌ಚಾರ್ಜ್ ಸಮ್ಮರಿ ಕೊಟ್ಟಿದ್ದೇವಲ್ಲ, ಅದು ಸಾಕು, ಕೇಸ್ ಶೀಟ್ ಆಸ್ಪತ್ರೆಯ ಆಸ್ತಿ, ಕೊಡಲು ಬರುವುದಿಲ್ಲ ಎಂದು ಕೌಂಟರಿನವರು ಹೇಳಿದರು. ಕೊಡಲು ಬರುವುದಿಲ್ಲ ಎಂಬ ಮಾತನ್ನು ನಾನು ಮೂವತ್ತೇಳು ವರ್ಷ ಕೌಂಟರಿನ ಒಳಗೆ ಕುಳಿತು ಹೇಳಿದವನಾದ್ದರಿಂದ ಅದರ ಬೆಲೆ ಎಷ್ಟೆಂದು ನನಗೆ ಗೊತ್ತು. ರೋಗಿಯೋ ಅವನ ಪರವಾದವರೋ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿಯೇ ಇದೆ. ಅಲ್ಲೇ ಬೆಂಚಿನ ಮೇಲೆ ಕುಳಿತು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ನಿಯಮವನ್ನು ಉಲ್ಲೇಖಿಸಿ, ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಮನೆಗೆ ಬಂದೆ. ಮುದ್ರೆ ಹಾಕಿದ ಕಾಗದಕ್ಕೆ ಇರುವ ಭಯ ಮಾತಿಗೆ ಇಲ್ಲ. ಮೂರನೆಯ ದಿನ ಫೋನ್ ಬಂತು, ಜೆರಾಕ್ಸಿನ ದುಡ್ಡು ಕಟ್ಟಿ ಮಗ 64 ಹಾಳೆ ತಂದುಕೊಟ್ಟ.

ಆ 64 ಹಾಳೆಗಳನ್ನು ಕಾಲು ಚಾಚಿ ಕುಳಿತು, ಪೆನ್ಸಿಲ್ ಹಿಡಿದು, ಎರಡು ದಿನ ಓದಿದೆ. ನಾಲ್ಕು ಗಂಟೆಗೊಮ್ಮೆ ಬರೆಯಬೇಕಾದ ಚಾರ್ಟದು: ಜ್ವರ, ನಾಡಿ, ಉಸಿರು, ಬಿ.ಪಿ. ಒಂಬತ್ತು ದಿನಗಳ ಒಂದು ಮನೆಯೂ ಖಾಲಿ ಇರಲಿಲ್ಲ. ಇಷ್ಟು ಪೂರ್ಣವಾದ ರಿಜಿಸ್ಟರನ್ನು ನಾನು ನನ್ನ ಸೇವಾವಧಿಯಲ್ಲಿ ಜಮಾಬಂದಿಗೆ ತಯಾರು ಮಾಡಿದ್ದು ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ರಾತ್ರಿ ಎರಡು ಗಂಟೆಯ ಜ್ವರ ಎಂಟು ರಾತ್ರಿಯೂ 98.6. ಬೆಳಿಗ್ಗೆ ಆರರದೂ 98.6, ಸಂಜೆ ಆರರದೂ 98.6. ಮನುಷ್ಯನ ಮೈಯ ಶಾಖ ನಸುಕಿನಲ್ಲಿ ಇಳಿದು ಸಂಜೆಗೆ ಏರುತ್ತದೆ, ಆರೋಗ್ಯವಂತನಲ್ಲೂ ಅದು ದಿನವಿಡೀ ಒಂದೇ ಅಂಕಿಯ ಮೇಲೆ ನಿಲ್ಲುವುದಿಲ್ಲ. ಈ 98.6 ಎಂಬುದಾದರೂ 37 ಡಿಗ್ರಿ ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದಾಗ ಬರುವ ಅಂಕಿ. ಹತ್ತೊಂಬತ್ತನೆಯ ಶತಮಾನದಲ್ಲಿ ವುಂಡರ್ಲಿಷ್ ಎಂಬ ಜರ್ಮನ್ ವೈದ್ಯ ಸಾವಿರಾರು ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅಳೆದು ಅಳೆದು ಕಂಡುಕೊಂಡ ಸರಾಸರಿ. ಅಳೆಯದೆ ಬರೆಯುವವರೆಲ್ಲ ಅದನ್ನೇ ಬರೆಯುತ್ತಾರೆ ಎಂದು ಆತ ಕನಸಿನಲ್ಲೂ ಎಣಿಸಿರಲಾರ. ನನ್ನ ಉಸಿರು ನಿಮಿಷಕ್ಕೆ 18, ಎಲ್ಲ ದಿನವೂ, ಎಲ್ಲ ಹೊತ್ತಿನಲ್ಲೂ. ಉಸಿರು ಎಣಿಸಬೇಕಾದರೆ ಒಬ್ಬರು ಹಾಸಿಗೆಯ ಪಕ್ಕ ನಿಂತು ನನ್ನ ಎದೆ ಏರಿಳಿಯುವುದನ್ನು ಕೈಗಡಿಯಾರದೊಂದಿಗೆ ಅರ್ಧ ನಿಮಿಷವಾದರೂ ನೋಡಬೇಕು. ಹಾಗೆ ನನ್ನನ್ನು ಅರ್ಧ ನಿಮಿಷ ನಿಂತು ನೋಡಿದವರು ಆ ಒಂಬತ್ತು ದಿನಗಳಲ್ಲಿ ಒಬ್ಬರೂ ಇರಲಿಲ್ಲ. ಟೊಮೆಟೊ ಬೆಳೆಗಾರರ ಹೆಂಡತಿಯನ್ನು ಬಿಟ್ಟು.

ನಾಲ್ಕನೆಯ ರಾತ್ರಿಯ ಹಾಳೆಯನ್ನು ಹುಡುಕಿ ತೆಗೆದೆ. ರಾತ್ರಿ 9 ಗಂಟೆಗೆ ಸಕ್ಕರೆ 138. ಕೆಳಗೆ, ರೋಗಿ ಚೆನ್ನಾಗಿ ಊಟ ಮಾಡಿದ್ದಾರೆ, ಚೆನ್ನಾಗಿ ನಿದ್ರಿಸಿದ್ದಾರೆ, ಯಾವ ತೊಂದರೆಯನ್ನೂ ಹೇಳಿಲ್ಲ ಎಂಬ ಇಂಗ್ಲಿಷ್ ವಾಕ್ಯ, ಸಹಿ.

ಕೊನೆಯ ಹಾಳೆಯಲ್ಲಿ ನನಗೆ ನಗು ಬಂತು, ಅದನ್ನು ನಗು ಎನ್ನಬಹುದಾದರೆ. ಒಂಬತ್ತನೆಯ ದಿನ ಹನ್ನೆರಡೂವರೆಗೆ ಬಿಲ್ಲು ಕಟ್ಟಿ, ಒಂದು ಗಂಟೆಗೆ ನಾವು ಆಟೋ ಹತ್ತಿದ್ದೆವು. ಚಾರ್ಟಿನಲ್ಲಿ ಅಂದಿನ ಮಧ್ಯಾಹ್ನ ಎರಡು ಗಂಟೆಗೆ ನನ್ನ ಬಿ.ಪಿ. 120/80, ಜ್ವರ 98.6, ಉಸಿರು 18. ಆ ಎರಡು ಗಂಟೆಯಲ್ಲಿ ನಾನು ನಮ್ಮ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕಾಲಿಟ್ಟುಕೊಂಡು, ಹುರುಳಿಕಾಳಿನ ಬಸ್ಸಾರಿನಲ್ಲಿ ಮುದ್ದೆ ಅದ್ದುತ್ತಿದ್ದೆ.

ಇದನ್ನು ಓದಿದ ಮಗನಿಗೆ ರೇಗಿಹೋಯಿತು, ಇವರ ಮೇಲೆ ಕೇಸು ಹಾಕೋಣ ಎಂದ. ನನಗೆ ರೇಗಲಿಲ್ಲ. ಏಕೆ ರೇಗಲಿಲ್ಲ ಎಂಬುದಕ್ಕೆ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ಅದನ್ನು ನಾನು ಹೆಂಡತಿಗೂ ಇದುವರೆಗೆ ಹೇಳಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇದೇ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಆಗ ಜಿಲ್ಲೆ ಇನ್ನೂ ಒಡೆದಿರಲಿಲ್ಲ. ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಕಚೇರಿಯ ಆವರಣದಲ್ಲಿ ತಂತಿಬೇಲಿಯ ನಡುವೆ ಒಂದು ಮಳೆಮಾಪಕವಿತ್ತು: ಐದು ಅಂಗುಲ ಅಗಲದ ಬಾಯಿಯ ಆಲಿಕೆ, ಒಳಗೊಂದು ಬಾಟಲಿ, ಜೊತೆಗೆ ಮಿಲಿಮೀಟರ್ ಗೆರೆಗಳ ಅಳತೆ ಗಾಜು. ದಿನವೂ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗಾಜಿಗೆ ಸುರಿದು ಅಳೆದು, ಹಿಂದಿನ 24 ಗಂಟೆಗಳ ಮಳೆಯೆಂದು ರಿಜಿಸ್ಟರಿನಲ್ಲಿ ಬರೆಯುವ ಕೆಲಸ ಹೊಸಬನಾದ ನನ್ನ ಪಾಲಿಗೆ ಬಂದಿತ್ತು. ನಮ್ಮ ಸೀಮೆ ಯಾವುದೆಂದು ಓದುಗರಿಗೆ ಗೊತ್ತು. ವರ್ಷವಿಡೀ ಹರಿಯುವ ಒಂದು ನದಿ ಇಲ್ಲ, ಕೆರೆಯ ನೀರಿಗೆ ಆಕಾಶ ನೋಡಿಕೊಂಡು ಕೂರುವ ಜನ ನಾವು. ತಿಂಗಳಿಗೆ ಇಪ್ಪತ್ತೈದು ದಿನ ಆ ಬಾಟಲಿಯಲ್ಲಿ ಧೂಳಲ್ಲದೆ ಬೇರೇನೂ ಇರುತ್ತಿರಲಿಲ್ಲ. ಆರು ತಿಂಗಳಾದ ಮೇಲೆ ನಾನು ಬೇಲಿಯ ಒಳಗೆ ಹೋಗುವುದನ್ನು ಬಿಟ್ಟು ಕಿಟಕಿಯಿಂದ ನೆಲ ಒಣಗಿದೆಯೇ ಎಂದು ನೋಡಿ ಸೊನ್ನೆ ಬರೆಯತೊಡಗಿದೆ. ಒಂದು ವರ್ಷವಾದ ಮೇಲೆ, ಭಾನುವಾರ ಊರಿಗೆ ಹೋಗಬೇಕಾಗಿದ್ದರೆ, ಭಾನುವಾರದ ಸೊನ್ನೆಯನ್ನು ಶನಿವಾರ ಸಂಜೆಯೇ ಬರೆದಿಟ್ಟು ಬಸ್ಸು ಹತ್ತುತ್ತಿದ್ದೆ.

ಅಂಥ ಒಂದು ಶನಿವಾರದ ರಾತ್ರಿ ಧಾರಾಕಾರ ಮಳೆ ಬಿತ್ತು. ಕೆಲವು ದಿನಗಳ ನಂತರ ಮಣ್ಣಿನ ಗೋಡೆ ಕುಸಿದುಬಿದ್ದ ಮನೆಯ ಯಜಮಾನನೊಬ್ಬ ಪರಿಹಾರಕ್ಕೆ ಅರ್ಜಿ ತಂದುಕೊಟ್ಟ. ವಿಷಯ ನಿರ್ವಾಹಕರು ರಿಜಿಸ್ಟರ್ ತೆಗೆದರು. ಆ ದಿನಾಂಕದ ಎದುರು ನನ್ನ ದುಂಡನೆಯ ಸೊನ್ನೆ ಕುಳಿತಿತ್ತು. ಮಳೆಯೇ ಬಿದ್ದಿಲ್ಲವಲ್ಲಪ್ಪ, ಗೋಡೆ ಹೇಗೆ ಬಿತ್ತು ಎಂದು ಅವರು ಕೇಳಿದಾಗ ಆ ಮನುಷ್ಯ ಸಿಟ್ಟಾಗಲಿಲ್ಲ, ರಿಜಿಸ್ಟರಿನ ಕಡೆಗೆ ಒಮ್ಮೆ ಬಗ್ಗಿ ನೋಡಿ, "ನಾನ್ ನೆಂದಿದೀನಿ ಸ್ವಾಮಿ, ನಿಮ್ ಬುಕ್ಕು ನೆಂದಿಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸೊನ್ನೆಯನ್ನು ತಿದ್ದಿದರೆ ತಿದ್ದಿದ್ದು ಕಾಣುತ್ತದೆಂಬ ಭಯದಿಂದ ನಾನು ತಿದ್ದಲೂ ಇಲ್ಲ, ತಪ್ಪು ನನ್ನದೆಂದು ಹೇಳಲೂ ಇಲ್ಲ. ಗ್ರಾಮ ಲೆಕ್ಕಿಗರು ಸ್ಥಳ ತನಿಖೆ ಮಾಡಿ ವರದಿ ಕೊಡುವವರೆಗೆ ಆ ಅರ್ಜಿ ನಾಲ್ಕು ತಿಂಗಳು ಕುಳಿತಿತ್ತು. ಈಗ ಗ್ರಾಮ ಪಂಚಾಯಿತಿಗಳಲ್ಲೂ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳುಹಿಸುತ್ತವೆ, ಅವಕ್ಕೆ ಭಾನುವಾರವಿಲ್ಲ.

ಆದ್ದರಿಂದ ಆ ಚಾರ್ಟಿನ ಭಾಷೆ ನನಗೆ ಪರಿಚಿತ. ಅದನ್ನು ಬರೆದವರು ಕೆಟ್ಟವರೆಂದು ನಾನು ಹೇಳಲಾರೆ. ಸಾಮಾನ್ಯ ವಾರ್ಡಿನಲ್ಲಿ ಐದಾರು ರೋಗಿಗಳಿಗೆ ಒಬ್ಬ ಶುಶ್ರೂಷಕಿ ಇರಬೇಕೆಂಬುದು ನಮ್ಮ ದೇಶದಲ್ಲೇ ಮಾಡಿರುವ ಶಿಫಾರಸು. ನಮ್ಮ ವಾರ್ಡಿನಲ್ಲಿ ಇಪ್ಪತ್ತಾರು ಹಾಸಿಗೆಗೆ ರಾತ್ರಿಯ ಹೊತ್ತು ಇದ್ದದ್ದು ಅವಳೊಬ್ಬಳು, ಜೊತೆಗೆ ಕೆಲವು ದಿನ ನರ್ಸಿಂಗ್ ಓದುವ ಒಂದು ಮಗು. ಜ್ವರ, ನಾಡಿ, ಉಸಿರು, ಬಿ.ಪಿ. ಇಷ್ಟನ್ನೂ ಪ್ರಾಮಾಣಿಕವಾಗಿ ನೋಡಿ ಬರೆಯಲು ಒಬ್ಬರಿಗೆ ನಾಲ್ಕು ನಿಮಿಷವೆಂದುಕೊಂಡರೂ ಇಪ್ಪತ್ತಾರು ಜನರಿಗೆ 104 ನಿಮಿಷ. ನಾಲ್ಕು ಗಂಟೆಗೊಮ್ಮೆ ಅದನ್ನೇ ಮಾಡುತ್ತ ಹೋದರೆ ಇಂಜೆಕ್ಷನ್ ಯಾವಾಗ, ಡ್ರಿಪ್ಸ್ ಬಾಟಲಿ ಬದಲಾಯಿಸುವುದು ಯಾವಾಗ, ತಲೆ ಒಡೆದು ಬಂದ ಹುಡುಗನನ್ನು ಹಿಡಿದುಕೊಳ್ಳುವುದು ಯಾವಾಗ? ಅವಳಿಗೆ ಎರಡೇ ದಾರಿ ಇತ್ತು, ಚಾರ್ಟನ್ನು ಖಾಲಿ ಬಿಡುವುದು ಅಥವಾ ತುಂಬಿಸುವುದು. ಖಾಲಿ ಬಿಟ್ಟರೆ ಬೆಳಿಗ್ಗೆ ಮೇಲಿನವರು ಬೈಯುತ್ತಾರೆ. ತುಂಬಿಸಿದರೆ ಯಾರೂ ಏನೂ ಕೇಳುವುದಿಲ್ಲ. ನನ್ನ ತಹಶೀಲ್ದಾರರೂ ಒಂದು ದಿನವಾದರೂ ಬಾಟಲಿಯನ್ನು ಬಗ್ಗಿಸಿ ನೋಡಿದವರಲ್ಲ, ರಿಜಿಸ್ಟರಿನ ಕೆಳಗೆ ಸಹಿ ಮಾತ್ರ ಮಾಡುತ್ತಿದ್ದರು.

ನನ್ನ ಬೇಸರ ಆ ಹುಡುಗಿಯನ್ನು ದಾಟಿ ಇರುವುದು ಇಲ್ಲಿಯೇ. ಇಪ್ಪತ್ತಾರಕ್ಕೆ ಒಬ್ಬಳು ಎಂದು ನಿಶ್ಚಯಿಸಿದವರಿಗೆ ಆ ಚಾರ್ಟು ಸುಳ್ಳಾಗಿಯೇ ಇರುತ್ತದೆಂದು ಗೊತ್ತಿರಲೇಬೇಕು, ಕೂಡಿ ಗುಣಿಸಲು ಬರುವ ಯಾರಿಗಾದರೂ ಅದು ಗೊತ್ತಾಗುತ್ತದೆ. ಗೊತ್ತಿದ್ದೂ, ಆ ಚಾರ್ಟನ್ನು ನಂಬಿಯೇ ಡಾಕ್ಟರು ಔಷಧಿ ಬದಲಾಯಿಸಬೇಕೋ ಬೇಡವೋ ಎಂದು ತೀರ್ಮಾನಿಸುವಂತೆ ಇಡೀ ವಾರ್ಡನ್ನು ಜೋಡಿಸಿಟ್ಟಿದ್ದಾರೆ. ನನಗೆ ಬಾಯಿ ಇತ್ತು, ಕೂಗಿ ಕರೆದೆ, ಕಾಲು ಉಳಿಯಿತು. ನನ್ನ ಎದುರು ಹಾಸಿಗೆಯಲ್ಲಿ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಗಿದ್ದ ಹಿರಿಯರೊಬ್ಬರಿದ್ದರು. ಅವರ ಮಂಚದ ಕಾಲ್ದೆಸೆಯಲ್ಲಿಯೂ ಇದೇ ರೀತಿಯ ಚಾರ್ಟು ತೂಗಾಡುತ್ತಿತ್ತು.

ಮಗನ ಕೇಸಿನ ಮಾತನ್ನು ನಾನು ಒಪ್ಪಲಿಲ್ಲ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ, ಆದರೆ ಅಲ್ಲಿಗೆ ಹೋದರೆ ನಿಮಗಾದ ನಷ್ಟವೆಷ್ಟು ಎಂದು ಕೇಳುತ್ತಾರೆ. ಗುಣವಾದ ಕಾಲನ್ನು ತೋರಿಸಿ ಏನೆಂದು ಹೇಳಲಿ? ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಅಡಿಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವೊಂದಿದೆ, ಅದಕ್ಕೆ ಬರೆಯುವ ಹಕ್ಕನ್ನು ಉಳಿಸಿಕೊಂಡಿದ್ದೇನೆ. ಮೊದಲು ಆಸ್ಪತ್ರೆಗೇ ಬರೆಯುವುದು ಕ್ರಮವೆಂದು ತೋಚಿ, ಸೂಪರಿಂಟೆಂಡೆಂಟರಿಗೆ ಎರಡು ಪುಟದ ಪತ್ರ ಬರೆದು, ಸಂಬಂಧಪಟ್ಟ ಹಾಳೆಗಳ ಪ್ರತಿಗಳನ್ನು ಲಗತ್ತಿಸಿ, ಎರಡೇ ಪ್ರಶ್ನೆ ಕೇಳಿದೆ: ನಾನು ಮನೆಗೆ ಹೋದ ಮೇಲೆ ನನ್ನ ಬಿ.ಪಿ. ನೋಡಿದವರು ಯಾರು, ಮತ್ತು ರಾತ್ರಿಯ ಹೊತ್ತು ಇಪ್ಪತ್ತಾರು ಹಾಸಿಗೆಗೆ ಎಷ್ಟು ಜನ ಶುಶ್ರೂಷಕಿಯರನ್ನು ನೇಮಿಸಿದ್ದೀರಿ. ಲಗತ್ತಿಸಿದ ಹಾಳೆಗಳಲ್ಲಿ ಸಹಿಯಿದ್ದ ಜಾಗಕ್ಕೆಲ್ಲ ಕಾಗದದ ಪಟ್ಟಿ ಅಂಟಿಸಿ ಜೆರಾಕ್ಸ್ ಮಾಡಿಸಿದ್ದೆ. ಅವರ ಬಳಿ ಮೂಲ ಇದೆಯಲ್ಲ, ಅದರಿಂದೇನು ಪ್ರಯೋಜನ ಎಂದು ಮಗ ನಕ್ಕ. ಪ್ರಯೋಜನವಿಲ್ಲವೆಂದು ನನಗೂ ಗೊತ್ತಿತ್ತು.

ಹನ್ನೊಂದು ದಿನಗಳ ನಂತರ ಬಹಳ ವಿನಯದ ಹೆಣ್ಣುದನಿಯೊಂದು ಫೋನ್ ಮಾಡಿ, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಿಮ್ಮ ಸಲಹೆಗಳನ್ನು ಜಾರಿಗೆ ತಂದಿದ್ದೇವೆ, ಮುಂದಿನ ಸಲ ನೀವು ಅಡ್ಮಿಟ್ ಆದಾಗ ಬಿಲ್ಲಿನಲ್ಲಿ ಶೇಕಡಾ ಹತ್ತು ಕಡಿಮೆ ಮಾಡುತ್ತೇವೆ ಎಂದಿತು. ನಾನು ಸಲಹೆ ಕೊಟ್ಟಿರಲಿಲ್ಲ, ಪ್ರಶ್ನೆ ಕೇಳಿದ್ದೆ ಎಂದೆ. ಧನ್ಯವಾದ ಸಾರ್ ಎಂದು ಇಟ್ಟುಬಿಟ್ಟರು.

ಆಗಸ್ಟಿನಲ್ಲಿ ಕಾಲು ತೋರಿಸಲು ಮತ್ತೆ ಅಲ್ಲಿಗೆ ಹೋಗಬೇಕಾಯಿತು. ಡಾಕ್ಟರು ಹಿಮ್ಮಡಿಯ ಒಡಕು ನೋಡಿ, ದಿನವೂ ರಾತ್ರಿ ತೊಳೆದು ಒರೆಸಿ ಎಣ್ಣೆ ಹಚ್ಚಿ ಎಂದು ಹೇಳಿ ಕಳುಹಿಸಿದರು. ಹೊರಗೆ ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗ ಆ ಚಿಂತಾಮಣಿಯ ಹುಡುಗಿ, ರಾತ್ರಿ ಡ್ಯೂಟಿಗೆ ಬರುತ್ತಿದ್ದವಳು, ಗುರುತು ಹಿಡಿದು ಹತ್ತಿರ ಬಂದಳು. ಕಾಲು ಹೇಗಿದೆ ಎಂದು ವಿಚಾರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಪತ್ರ ಬರ್ದಿದ್ದು ನೀವೇನಾ ತಾತ?" ಎಂದು ಕೇಳಿದಳು. ಹೌದು, ನಿನ್ನ ಹೆಸರು ಹಾಕಿಲ್ಲವಮ್ಮ ಎಂದೆ. "ಗೊತ್ತು, ತೋರ್ಸಿದ್ರು" ಎಂದಳು. ರಾತ್ರಿಗೆ ಇನ್ನೊಬ್ಬರನ್ನು ಹಾಕಿದರೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿ ಇಲ್ಲವೆಂದು ಹೇಳಿ, ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಸರಿಪಡಿಸಿಕೊಂಡಳು.

"ಈಗ ಚಾರ್ಟಲ್ಲಿ ಇನ್ನೊಂದು ಕಾಲಂ ಬಂದಿದೆ ತಾತ, ಚೆಕ್ ಮಾಡಿದೋರು ಅಂತ. ಒಂದೊಂದು ಎಂಟ್ರಿಗೂ ಎರಡೆರಡು ಸಹಿ ಇರ್ಬೇಕಂತೆ. ರಾತ್ರಿ ಇರೋದು ನಾನೊಬ್ಳೇ ಅಲ್ವಾ, ಅದನ್ನೂ ನಾನೇ ಹಾಕ್ತೀನಿ."